ಪರದೆ ಇಲ್ಲದ ಪಬ್ಬು

ನಮ್ಮ ಹೈಸ್ಟ್ರೀಟಿನ ಪಬ್ಬಿಗೆ ಪರದೆ ಇಲ್ಲ. ಮುಂಭಾಗವೆಲ್ಲ ಮೊಣಕಾಲೆತ್ತರದಿಂದ ಸೂರಿನವರೆಗೆ ಬರೀ ಗಾಜು. ಒಂದು ಮಗ್ಗುಲಿಗೆ ಚಾರಿಟಿ ಅಂಗಡಿ, ಇನ್ನೊಂದು ಮಗ್ಗುಲಿಗೆ ಉಗುರಿಗೆ ಬಣ್ಣ ಹಚ್ಚುವ ಅಂಗಡಿ, ನಡುವೆ ನಮ್ಮ ಕಡೆಯ ಜೆರಾಕ್ಸ್ ಅಂಗಡಿಯಷ್ಟು ಅಗಲದ ಇದು. ಎದುರಿನ ಬಸ್ ಸ್ಟಾಪಿನಲ್ಲಿ ನಿಂತರೆ ಒಳಗೆ ಯಾರ್ಯಾರು ಕೂತಿದ್ದಾರೆ, ಯಾರ ಗ್ಲಾಸು ಖಾಲಿಯಾಗಿದೆ, ಯಾರ ನಾಯಿ ಯಾರ ಕಾಲ ಮೇಲೆ ಮಲಗಿದೆ, ಎಲ್ಲ ಕಾಣುತ್ತದೆ. ಇಂಗ್ಲೆಂಡಿನ ಕೆಂಟ್ ಕೌಂಟಿಯ ಈ ಸಣ್ಣ ಪಟ್ಟಣಕ್ಕೆ ಬಂದ ಹೊಸದರಲ್ಲಿ, ಕೆಲಸ ಮುಗಿಸಿ ಬಸ್ಸಿಗೆ ಕಾಯುವಾಗ ಅದನ್ನು ನೋಡುತ್ತ ನಿಲ್ಲುವುದೇ ನನಗೆ ಹೊತ್ತು ಕಳೆಯುವ ದಾರಿಯಾಗಿತ್ತು. ಬರಬರುತ್ತ ಒಂದು ಚಾಳಿ ಅಂಟಿಕೊಂಡಿತು. ಒಳಗಿರುವ ಹೆಂಗಸರನ್ನು ಎಣಿಸುವುದು. ಗಂಡಸರಿಗಿಂತ ಕಡಿಮೆಯೇ ಇರುತ್ತಿದ್ದರು, ಆದರೆ ಯಾರೂ ಇಲ್ಲ ಅನ್ನುವ ಸಂಜೆ ನನಗೆ ನೆನಪಿಲ್ಲ. ಜೊತೆಗೆ ಯಾರೂ ಇಲ್ಲದೆ ಒಬ್ಬೊಬ್ಬರೇ ಕೂತವರೂ ಇದ್ದರು. ಒಬ್ಬಾಕೆ ಪತ್ರಿಕೆಯ ಪದಬಂಧ ತುಂಬುತ್ತ, ಪೆನ್ನಿನ ತುದಿ ಕಚ್ಚುತ್ತ, ಸಂಜೆ ಐದಕ್ಕೆ, ಇಡೀ ಬೀದಿಗೆ ಕಾಣುವ ಹಾಗೆ.

ಇವರಿಗೆ ನಾಚಿಕೆ ಆಗೋಲ್ವಾ ಅಂತಲೇ ನನಗೆ ಮೊದಲು ಅನಿಸಿದ್ದು. ಸುಳ್ಳು ಯಾಕೆ ಹೇಳಲಿ. ಕುಡಿಯುವುದರ ಬಗ್ಗೆ ನನಗೇನೂ ಮಡಿ ಇರಲಿಲ್ಲ. ಮೈಸೂರಿನಲ್ಲಿ ಓದಿ ಬೆಂಗಳೂರಿನಲ್ಲಿ ಕೆಲಸ ಮಾಡಿದವಳು, ಆಫೀಸಿನವರ ಜೊತೆ ಹೋಗಿ ಕೂತು ಗೊತ್ತಿತ್ತು. ಆದರೆ ಅವೆಲ್ಲ ನಾಲ್ಕನೇ ಮಹಡಿಯ ಮೇಲಿನ, ಲಿಫ್ಟಿನಲ್ಲಿ ಹೋಗಬೇಕಾದ, ಬೆಳಕು ಕಡಿಮೆ ಇರುವ, ಮ್ಯೂಸಿಕ್ ಜೋರಾಗಿರುವ ಜಾಗಗಳು. ನೆಲಮಟ್ಟದಲ್ಲಿ, ತರಕಾರಿ ಚೀಲ ಹಿಡಿದು ಹೋಗುವವರ ಕಣ್ಣಿನ ಎತ್ತರದಲ್ಲಿ ಕೂತು ಕುಡಿಯುವುದು ಬೇರೆಯೇ ಸಂಗತಿ. ನನ್ನ ನಾಚಿಕೆ ಕುಡಿತದ್ದೋ ಕಾಣಿಸಿಕೊಳ್ಳುವುದರದ್ದೋ ಅನ್ನುವ ಪ್ರಶ್ನೆ ಆ ಬಸ್ ಸ್ಟಾಪಿನಲ್ಲಿ ಹುಟ್ಟಿದ್ದು. ಇನ್ನೂ ನನ್ನನ್ನು ಬಿಟ್ಟಿಲ್ಲ.

ಬಿ.ಎಚ್. ರೋಡಿನ ಬಾರು

ತಿಪಟೂರಿನಲ್ಲಿ ನಾನು ಟ್ಯೂಷನ್ನಿಗೆ ಹೋಗುವ ದಾರಿಯಲ್ಲಿ, ಬಿ.ಎಚ್. ರೋಡಿನ ಮೇಲೆ ಒಂದು ಬಾರ್ ಅಂಡ್ ರೆಸ್ಟೋರೆಂಟ್ ಇತ್ತು. ಬಾಗಿಲು ಅಂದರೆ ಎದೆಮಟ್ಟದ ಎರಡು ರೆಕ್ಕೆ, ತಳ್ಳಿದರೆ ಒಳಗೂ ಹೊರಗೂ ತೂಗಾಡುವಂಥದ್ದು. ಅದರ ಹಿಂದೆ ಒಂದು ಹಸಿರು ಪರದೆ. ಬರುವವರು ಹೋಗುವವರು ಕೈ ಒರೆಸಿ ಒರೆಸಿ ಅದರ ಅಂಚು ಕರ್ರಗಾಗಿತ್ತು. ಕಿಟಕಿಗಳಿಗೆ ಕಪ್ಪು ಸನ್‌ಫಿಲ್ಮು. ಮೆಟ್ಟಿಲ ಹತ್ತಿರ "ಫ್ಯಾಮಿಲಿ ರೂಮ್ ಇದೆ" ಅಂತ ಬೋರ್ಡು. ಒಂದೇ ಒಂದು ಫ್ಯಾಮಿಲಿ ಆ ಮೆಟ್ಟಿಲು ಹತ್ತಿದ್ದನ್ನು ನಾನು ಕಂಡಿಲ್ಲ. ಮಂಡಿಯಲ್ಲಿ ಕೊಬ್ಬರಿ ಹರಾಜಿನ ದಿನ ಅಲ್ಲಿ ಜಾಸ್ತಿ ಗದ್ದಲ. ದುಡ್ಡು ಎಣಿಸಿಕೊಂಡ ರೈತರು, ಲಾರಿಯವರು, ಹಮಾಲಿಗಳು. ನಾವು ಹುಡುಗಿಯರು ಅಷ್ಟು ದೂರದಿಂದಲೇ ರಸ್ತೆ ದಾಟಿ, ಆ ಬಾರನ್ನು ಬಳಸಿ, ಮುಂದೆ ಹೋಗಿ ಮತ್ತೆ ಈ ಕಡೆಗೆ ದಾಟಿ ಬರುತ್ತಿದ್ದೆವು. ಹಾಗೆ ಮಾಡಿ ಅಂತ ಯಾರೂ ಹೇಳಿಕೊಟ್ಟಿರಲಿಲ್ಲ. ಲಾರಿ ಓಡಾಡುವ ಹೈವೇಯನ್ನು ಎರಡೆರಡು ಸಲ ದಾಟುವುದೇ ಹೆಚ್ಚು ಅಪಾಯ ಅಂತ ಯಾರಿಗೂ ಹೊಳೆದಿರಲೂ ಇಲ್ಲ.

ಒಂದು ಸಂಜೆ ಮಳೆ. ದಾಟುವುದಕ್ಕೆ ಆಗದೆ ಆ ಬಾರಿನ ಪಕ್ಕದ ಸೈಕಲ್ ಶಾಪಿನ ಸಜ್ಜಾದ ಕೆಳಗೆ ನಿಂತಿದ್ದೆ. ರೆಕ್ಕೆ ಬಾಗಿಲು ತೆರೆದುಕೊಂಡು ನಮ್ಮ ಟ್ಯೂಷನ್ ಮೇಷ್ಟ್ರು ಹೊರಗೆ ಬಂದರು. ಗಣಿತದ ಮೇಷ್ಟ್ರು. ಇನ್ನು ಅರ್ಧ ಗಂಟೆಗೆ ನನಗೆ ತ್ರಿಕೋನಮಿತಿ ಹೇಳಿಕೊಡಬೇಕಾದವರು. ಒಂದು ಕೈಯಲ್ಲಿ ಪಂಚೆಯ ಚುಂಗು, ಇನ್ನೊಂದು ಕೈ ಬಾಯಿಗೆ ಜೀರಿಗೆ ಹಾಕಿಕೊಳ್ಳುತ್ತಿತ್ತು. ನನ್ನನ್ನು ನೋಡಿದರು. ನಾನೂ ನೋಡಿದೆ. ಆಮೇಲೆ ಇಬ್ಬರೂ ಬಹಳ ಆಸಕ್ತಿಯಿಂದ ಮಳೆಯನ್ನು ನೋಡತೊಡಗಿದೆವು. ಮೇಷ್ಟ್ರು ಛತ್ರಿ ಬಿಚ್ಚಿ ಹೋದರು; ಆ ಛತ್ರಿಯಲ್ಲಿ ಇಬ್ಬರಿಗೆ ಜಾಗವಿತ್ತು, ನಾನು ಹೋಗಬೇಕಾಗಿದ್ದದ್ದು ಅವರ ಮನೆಗೇ. ಕರೆಯಲಿಲ್ಲ, ಕರೆಯುವ ಹಾಗಿರಲಿಲ್ಲ. ಕರೆದರೆ ತಾವು ಅಲ್ಲಿದ್ದದ್ದನ್ನು ಒಪ್ಪಿಕೊಂಡ ಹಾಗೆ. ನಾನು ನೆನೆದುಕೊಂಡು ಹೋದೆ. ಆ ದಿನ ಪಾಠ ಎಂದಿಗಿಂತ ಚೆನ್ನಾಗಿಯೇ ಆಯಿತು. ಆದರೆ ಅವರು ಮತ್ತೆ ಎಂದೂ ನನ್ನ ಮುಖ ನೋಡಿ ಪ್ರಶ್ನೆ ಕೇಳಲಿಲ್ಲ.

ಊರಿಗೆಲ್ಲ ಗೊತ್ತಿತ್ತು ಅನ್ನುವುದು ಆಮೇಲೆ ತಿಳಿಯಿತು. ಅವರ ಹೆಂಡತಿಗೆ, ನಮ್ಮಪ್ಪನಿಗೆ, ಸೈಕಲ್ ಶಾಪಿನವನಿಗೆ, ಎಲ್ಲರಿಗೂ. ಪರದೆ ಯಾವ ಗುಟ್ಟನ್ನೂ ಕಾಪಾಡಿರಲಿಲ್ಲ. ಕಂಡದ್ದನ್ನು ಕಾಣದ ಹಾಗಿರಲು ಊರಿಗೆ ಒಂದು ನೆಪ ಬೇಕಿತ್ತು, ಅದನ್ನು ಒದಗಿಸುತ್ತಿತ್ತು ಅಷ್ಟೆ.

ಮಾಂಸದಂಗಡಿಯಿಂದ ಶುರು

ಇಂಥ ಸಣ್ಣ ಪಬ್ಬುಗಳಿಗೆ ಇಲ್ಲಿ ಮೈಕ್ರೊಪಬ್ ಅನ್ನುತ್ತಾರೆ. ಹುಟ್ಟಿದ್ದೂ ಇದೇ ಕೆಂಟ್‌ನಲ್ಲಿ, ಹರ್ನ್ ಅನ್ನುವ ಹಳ್ಳಿಯಲ್ಲಿ. ಮಾರ್ಟಿನ್ ಹಿಲಿಯರ್ ಎಂಬಾತ 2005ರ ನವೆಂಬರಿನಲ್ಲಿ, ಹಿಂದೆ ಮಾಂಸದಂಗಡಿಯಾಗಿದ್ದ ಒಂದು ಸಣ್ಣ ಕೋಣೆಯಲ್ಲಿ "ಬುಚರ್ಸ್ ಆರ್ಮ್ಸ್" ಅಂತ ತೆರೆದರು. ಮಾಂಸ ನೇತುಹಾಕುತ್ತಿದ್ದ ಕೊಕ್ಕೆಗಳನ್ನು ಹಾಗೇ ಬಿಟ್ಟರು. ಕೂತವರ ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಜಾಗ. ಟೀವಿ ಇಲ್ಲ, ಹಾಡಿಲ್ಲ, ಜೂಜಿನ ಮೆಷಿನ್ ಇಲ್ಲ, ಅಡುಗೆಮನೆ ಇಲ್ಲ. ಏಲ್ ಬಿಯರು, ಹುಳಿಯಲ್ಲಿ ಹಾಕಿದ ಮೊಟ್ಟೆ, ಚಿಪ್ಸ್ ಪ್ಯಾಕೆಟ್ಟು, ಮಾತು. 2009ರಲ್ಲಿ ಏಲ್‌ಪ್ರಿಯರ ಸಂಘವಾದ ಕ್ಯಾಮ್ರಾದ ವಾರ್ಷಿಕ ಸಭೆ ಈಸ್ಟ್‌ಬೋರ್ನ್‌ನಲ್ಲಿ ನಡೆದಾಗ ಆತ ಎದ್ದು ನಿಂತು ಇದನ್ನು ಹೇಗೆ ಮಾಡಿದೆ ಅಂತ ವಿವರಿಸಿದರು. ಅದೇ ವರ್ಷ ಉತ್ತರದ ಹಾರ್ಟಲ್‌ಪೂಲ್ ರೈಲ್ವೆ ಸ್ಟೇಷನ್ನಿನಲ್ಲಿ ಎರಡನೆಯದು ತೆರೆಯಿತು. ಆಮೇಲೆ ಬೇಕರಿ, ಹೂವಿನಂಗಡಿ, ಕುದುರೆ ಲಾಯ, ಖಾಲಿ ಬಿದ್ದ ಯಾವ ಸಣ್ಣ ಕೋಣೆಯನ್ನೂ ಬಿಡಲಿಲ್ಲ. ಮಾರ್ಗೇಟ್, ಬ್ರಾಡ್‌ಸ್ಟೇರ್ಸ್, ರಾಮ್ಸ್‌ಗೇಟ್ ಇರುವ ನಮ್ಮ ಸಮುದ್ರದಂಚಿನಲ್ಲಿ ಸಂಜೆ ಒಂದು ಸುತ್ತು ಹಾಕಿದರೆ ಹಲವು ಸಿಗುತ್ತವೆ.

ಇದರ ಬಗ್ಗೆ ಬರೆಯುವವರೆಲ್ಲ ಸಮುದಾಯ, ಆಪ್ತತೆ ಅಂತ ಕಣ್ಣು ತುಂಬಿಕೊಳ್ಳುತ್ತಾರೆ. ನನಗೆ ಇದರ ಹಿಂದಿನ ಲೆಕ್ಕಾಚಾರವೇ ಹೆಚ್ಚು ಇಷ್ಟ. ಹರ್ನ್ ಪಬ್ಬು 2005ರ ನವೆಂಬರಿನಲ್ಲೇ ತೆರೆದದ್ದಕ್ಕೆ ಕಾರಣವಿದೆ. 2003ರ ಲೈಸೆನ್ಸಿಂಗ್ ಕಾಯ್ದೆ ಪೂರ್ತಿ ಜಾರಿಗೆ ಬಂದದ್ದು ಅದೇ ತಿಂಗಳು. ಅಲ್ಲಿಯವರೆಗೆ ಪರವಾನಗಿಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಬೇಕಿತ್ತು, ಈ ಬೀದಿಗೆ ಇನ್ನೊಂದು ಪಬ್ಬು ಯಾಕೆ ಅಂತ ಹಳೆಯ ಪಬ್ಬಿನವರು ತಕರಾರು ತೆಗೆಯಬಹುದಿತ್ತು. ಹೊಸ ಕಾಯ್ದೆ ಆ ಅಧಿಕಾರವನ್ನು ಊರಿನ ಕೌನ್ಸಿಲ್ಲಿಗೆ ಕೊಟ್ಟಿತು, ತಕರಾರಿಗೆ ನಾಲ್ಕೇ ಬಾಗಿಲು ಇಟ್ಟಿತು: ಅಪರಾಧ ತಡೆ, ಜನರ ಸುರಕ್ಷತೆ, ಸಾರ್ವಜನಿಕರಿಗೆ ಕಿರಿಕಿರಿ ಆಗದಿರುವುದು, ಮಕ್ಕಳ ರಕ್ಷಣೆ. ನನ್ನ ವ್ಯಾಪಾರಕ್ಕೆ ಹೊಡೆತ ಅನ್ನುವುದು ಅದರಲ್ಲಿಲ್ಲ. ಇನ್ನು ತೆರಿಗೆ. 2017ರಿಂದ, ಅಂಗಡಿಯ ವಾರ್ಷಿಕ ತೆರಿಗೆ ಮೌಲ್ಯ 12,000 ಪೌಂಡ್ ಮೀರದಿದ್ದರೆ, ಅದು ಮಾಲೀಕನ ಒಂದೇ ಅಂಗಡಿಯಾಗಿದ್ದರೆ, ಬಿಸಿನೆಸ್ ರೇಟ್ಸ್ ಅನ್ನುವ ಅಂಗಡಿ ತೆರಿಗೆ ಪೂರ್ತಿ ಮಾಫಿ. ಜಾಗ ಚಿಕ್ಕದಾಗಿರುವುದರಲ್ಲೇ ಲಾಭ. ಬಿಯರೂ ಅಷ್ಟೇ. ಕಾಸ್ಕ್ ಏಲ್ ಅನ್ನುವುದು ಪೀಪಾಯಿಯೊಳಗೇ ಇನ್ನೂ ಹುದುಗುತ್ತಿರುವ ಜೀವಂತ ವಸ್ತು. ತೆರೆದ ಮೇಲೆ ಮೂರು ದಿನದ ಆಸುಪಾಸಿನಲ್ಲಿ ಖರ್ಚಾಗದಿದ್ದರೆ ಕೆಡುತ್ತದೆ. ಒಂದು ಫರ್ಕಿನ್ ಪೀಪಾಯಿ ಅಂದರೆ 72 ಪೈಂಟ್, ಸುಮಾರು 41 ಲೀಟರ್. ಅದನ್ನು ಖಾಲಿ ಮಾಡಲು ದೊಡ್ಡ ಕೋಣೆ ಬೇಕಾಗಿಲ್ಲ, ದಿನಾ ಬರುವ ಹತ್ತಿಪ್ಪತ್ತು ಜನ ಸಾಕು. ನೆಲಮಾಳಿಗೆಯೂ ಬೇಡ. ನಮ್ಮ ಪಬ್ಬಿನಲ್ಲಿ ಹಿಂದುಗಡೆ ಒಂದು ಬಚ್ಚಲುಮನೆಯಷ್ಟು ಜಾಗವನ್ನು ಗಾಜಿನಿಂದ ಮುಚ್ಚಿ, 12 ಡಿಗ್ರಿ ತಂಪಿಟ್ಟು, ಮರದ ಅಟ್ಟಣೆ ಮೇಲೆ ಪೀಪಾಯಿಗಳನ್ನು ಅಡ್ಡಡ್ಡ ಮಲಗಿಸಿದ್ದಾರೆ. ಏನಾದರೂ ಬೇಕು ಅಂದರೆ ಮಾಲೀಕ ಒಳಗೆ ಹೋಗಿ ನಲ್ಲಿ ತಿರುಗಿಸಿ ಹಿಡಿದು ತರುತ್ತಾನೆ. ಬಿಯರಿಗೂ ಇಲ್ಲಿ ಪರದೆ ಇಲ್ಲ.

ಇನ್ನೊಂದು ತಾರೀಖು ಹೇಳದೆ ಮುಂದೆ ಹೋಗಲಾರೆ. ಇಂಗ್ಲೆಂಡಿನ ಪಬ್ಬುಗಳೊಳಗೆ ಸಿಗರೇಟು ನಿಂತದ್ದು 2007ರ ಜುಲೈ 1ರಂದು. ಇಷ್ಟು ಸಣ್ಣ ಕೋಣೆಯಲ್ಲಿ ಎಂಟು ಜನ ಹೊಗೆ ಬಿಡುತ್ತಿದ್ದರೆ ಪದಬಂಧದಾಕೆ ಖಂಡಿತ ಬರುತ್ತಿರಲಿಲ್ಲ. ಅದೇ 2007ರ ಜುಲೈ 1ರಂದು ಕರ್ನಾಟಕದಲ್ಲಿ ಸಾರಾಯಿ ನಿಷೇಧ ಜಾರಿಗೆ ಬಂತು. ಪ್ಯಾಕೆಟ್ ಸಾರಾಯಿ ಅಂಗಡಿಗಳೆಲ್ಲ ಒಂದೇ ಬೆಳಗ್ಗೆ ಬಾಗಿಲು ಹಾಕಿದವು. ನಮ್ಮೂರಿನ ಸಾರಾಯಿ ಅಂಗಡಿ ಆಮೇಲೆ ಗೊಬ್ಬರದಂಗಡಿಯಾಯಿತು. ಕುಡಿಯುವವರು ವೈನ್ ಶಾಪಿನ ಕಟಕಟೆಗೆ ಹೋದರು, ಕ್ವಾರ್ಟರು ತೆಗೆದುಕೊಂಡು ಗೋಡೆ ಕಡೆ ಮುಖ ಮಾಡಿ ನಿಂತು ಕುಡಿದರು. ಒಂದೇ ದಿನ ಎರಡು ಸರಕಾರಗಳು ಎರಡು ಚಟಗಳಿಗೆ ಕೈ ಹಾಕಿದ್ದವು. ಅಲ್ಲಿನ ಕುಡುಕ ಗೋಡೆಗೆ ತಿರುಗಿದ, ಇಲ್ಲಿನ ಸಿಗರೇಟಿನವ ಬೀದಿಗೆ ಬಂದ.

ಇವರೂ ಮುಚ್ಚಿಕೊಂಡವರೇ

ಇಷ್ಟು ಓದಿದ ಮೇಲೆ, ಇಂಗ್ಲಿಷರು ಬಿಚ್ಚುಮನಸ್ಸಿನವರು, ನಾವು ಮುಸುಕಿನವರು ಅಂತ ಯಾರಾದರೂ ತೀರ್ಮಾನಕ್ಕೆ ಬಂದರೆ ತಪ್ಪು ನನ್ನದಾಗುತ್ತದೆ. ಲಂಡನ್ನಿನ ಹಳೆಯ ಪಬ್ಬುಗಳ ಕಿಟಕಿ ನೋಡಿ. ಬಳ್ಳಿ, ಹೂವು, ಅಕ್ಷರ ಕೆತ್ತಿದ ಮಂಜುಗಾಜು. ಬೆಳಕು ಒಳಗೆ ಹೋಗುತ್ತದೆ, ಕಣ್ಣು ಹೋಗುವುದಿಲ್ಲ. ವಿಕ್ಟೋರಿಯಾ ರಾಣಿಯ ಕಾಲದ ಮರ್ಯಾದಸ್ಥರಿಗೆ ಅದೂ ಸಾಲದಾಗಿ ಕೌಂಟರಿನ ಮೇಲೆ, ಮುಖದ ಎತ್ತರಕ್ಕೆ, ತಿರುಗುವ ಸಣ್ಣ ಗಾಜಿನ ಪಟ್ಟಿಗಳನ್ನು ಹಾಕಿಸಿದರು. ಹಾಕಿಕೊಡುವವನಿಗೂ ಕುಡಿಯುವವನ ಮುಖ ಕಾಣಬಾರದು, ಹಣ ಮತ್ತು ಗ್ಲಾಸು ಮಾತ್ರ ಕೆಳಗಿಂದ ದಾಟಬೇಕು. ಬ್ಲೂಮ್ಸ್‌ಬರಿಯ 'ದಿ ಲ್ಯಾಂಬ್' ಪಬ್ಬಿನಲ್ಲಿ ಅವು ಇಂದಿಗೂ ಇವೆ. ಮೇಡಾ ವೇಲ್‌ನ 'ಪ್ರಿನ್ಸ್ ಆಲ್ಫ್ರೆಡ್'ನಲ್ಲಿ ಒಂದೇ ಕೌಂಟರನ್ನು ಮರದ ಅಡ್ಡಗೋಡೆಗಳಿಂದ ಹಲವು ಗೂಡುಗಳಾಗಿ ಸೀಳಿದ್ದಾರೆ. ಒಂದರಿಂದ ಇನ್ನೊಂದಕ್ಕೆ ಹೋಗಬೇಕಾದರೆ ಬಗ್ಗಿ ನುಸುಳುವಷ್ಟು ಸಣ್ಣ ಬಾಗಿಲು. ನಾನು ನುಸುಳಿ ನೋಡಿದೆ. ನಡು ಹಿಡಿಯಿತು. ಹೆಂಗಸರಿಗೆ ಅಂತ ಇದ್ದದ್ದು ಅಂಥ ಮೂಲೆಯ ಗೂಡೇ. ತಿಪಟೂರಿನ ಫ್ಯಾಮಿಲಿ ರೂಮಿನ ವಂಶಾವಳಿ ಎಲ್ಲಿಂದ ಬಂತು ಅಂತ ಆವತ್ತು ಅನುಮಾನ ಬಂತು.

ಅದೆಲ್ಲ ನೂರೈವತ್ತು ವರ್ಷದ ಹಿಂದಿನ ಮಾತು ಅನ್ನಬೇಡಿ. ಫ್ಲೀಟ್ ಸ್ಟ್ರೀಟಿನಲ್ಲಿ ಪತ್ರಕರ್ತರು, ವಕೀಲರು ಸೇರುವ 'ಎಲ್ ವಿನೋ' ಅನ್ನುವ ವೈನ್ ಬಾರಿತ್ತು. ಹೆಂಗಸರು ಕೌಂಟರಿನಲ್ಲಿ ನಿಂತು ಕೇಳುವ ಹಾಗಿಲ್ಲ. ಹಿಂದಿನ ಕೋಣೆಯಲ್ಲಿ ಕೂರಬೇಕು, ಅಲ್ಲಿಗೇ ತಂದುಕೊಡುತ್ತಾರೆ. ಗೌರವದಿಂದಲೇ! ಒಬ್ಬ ವಕೀಲೆ, ಒಬ್ಬ ಪತ್ರಕರ್ತೆ ಸೇರಿ ಕೋರ್ಟಿಗೆ ಹೋದರು. ಕೆಳಗಿನ ಕೋರ್ಟಿನಲ್ಲಿ ಸೋತು, ಮೇಲ್ಮನವಿಯಲ್ಲಿ ಗೆದ್ದದ್ದು 1982ರ ನವೆಂಬರಿನಲ್ಲಿ. ಲಿಂಗ ತಾರತಮ್ಯದ ವಿರುದ್ಧ ಕಾಯ್ದೆ ಬಂದು ಏಳು ವರ್ಷವಾದ ಮೇಲೆ. ಪದಬಂಧದಾಕೆಗೆ ಆಗ ನಲವತ್ತರ ಹತ್ತಿರ ಇರಬೇಕು. ಅಂದರೆ ಅವಳ ಜಾಗವೂ ಹುಟ್ಟಿನಿಂದ ಬಂದದ್ದಲ್ಲ, ಅವಳ ಕಣ್ಣೆದುರಿಗೇ ದಕ್ಕಿದ್ದು.

ನನ್ನ ಕಣ್ಣೆದುರಿಗೆ ಆದದ್ದು ಬೇರೆ. 2009ರ ಜನವರಿ 24ರಂದು ಮಂಗಳೂರಿನ ಒಂದು ಪಬ್ಬಿಗೆ ಗುಂಪೊಂದು ನುಗ್ಗಿ ಅಲ್ಲಿದ್ದ ಹುಡುಗಿಯರನ್ನು ಹೊಡೆದು ಅಟ್ಟಿಸಿತು. ನಾನಾಗ ಮೈಸೂರಿನ ಹಾಸ್ಟೆಲ್ಲಿನಲ್ಲಿದ್ದೆ. ಊಟದ ಹಾಲಿನ ಟೀವಿಯಲ್ಲಿ ಅದೇ ಚಿತ್ರ ಮತ್ತೆ ಮತ್ತೆ ಬರುತ್ತಿತ್ತು, ಮೆಟ್ಟಿಲ ಹತ್ತಿರ ಎಡವಿ ಬೀಳುವ ಹುಡುಗಿ, ಮತ್ತೆ ಮೊದಲಿಂದ. "ಅಲ್ಲಿಗೆ ಯಾಕೆ ಹೋಗಬೇಕಿತ್ತು ಇವ್ರು?" ಅಂದಳು ನನ್ನ ರೂಮ್‌ಮೇಟ್. ತಟ್ಟೆ ಮುಂದಿಟ್ಟುಕೊಂಡ ಮೂವತ್ತು ಹುಡುಗಿಯರಲ್ಲಿ ಒಬ್ಬರೂ ಉತ್ತರ ಕೊಡಲಿಲ್ಲ, ನಾನೂ ಕೊಡಲಿಲ್ಲ. ಆ ಪ್ರಕರಣದ ಆರೋಪಿಗಳೆಲ್ಲ 2018ರಲ್ಲಿ ಖುಲಾಸೆಯಾದರು. ಆವತ್ತು ಕ್ಯಾಮೆರಾಗಳಿದ್ದವು, ಇಡೀ ದೇಶ ನೋಡುತ್ತಿತ್ತು. ಹಾಗಾಗಿ, ಎಲ್ಲರಿಗೂ ಕಾಣುವ ಹಾಗಿದ್ದರೆ ಹೆಣ್ಣು ಸುರಕ್ಷಿತ ಅನ್ನುವ ಸಲೀಸಾದ ಮಾತು ನನ್ನ ಬಾಯಲ್ಲಿ ಬರುವುದಿಲ್ಲ. ಗಾಜಿನ ಆ ಕಡೆ ನಿಂತಿರುವವರು ಯಾರು ಅನ್ನುವುದರ ಮೇಲೆ ಎಲ್ಲ ನಿಂತಿದೆ. ಇಲ್ಲಿ ಆ ಕಡೆ ಇರುವುದು ಒಂದು ಬಸ್ ಸ್ಟಾಪು, ಅಲ್ಲಿ ಕಾಯುವ ಜನ, ಅವರಿಗೆ ಒಳಗಿನವರ ಬಗ್ಗೆ ಹೇಳಿಕೊಳ್ಳುವಂಥ ಕುತೂಹಲ ಇಲ್ಲ. ನನ್ನಂಥ ಒಬ್ಬಿಬ್ಬರನ್ನು ಬಿಟ್ಟರೆ.

ಕೊನೆಗೊಂದು ದಿನ ರಸ್ತೆ ದಾಟಿ ಒಳಗೆ ಹೋದೆ. ಅದರಲ್ಲಿ ಹೇಳುವಂಥದ್ದೇನಿಲ್ಲ. ಮಾಲೀಕ ಏನು ಬೇಕು ಅಂದ, ಅರ್ಧ ಪೈಂಟ್ ಅಂದೆ, ಕೊಟ್ಟ. ಗೋಡೆಗುಂಟ ಒಂದೇ ಉದ್ದ ಬೆಂಚು ಇರುವುದರಿಂದ ಯಾರಾದರೊಬ್ಬರ ಪಕ್ಕ ಕೂರಲೇಬೇಕು, ಕೂತರೆ ಮಾತಾಡಲೇಬೇಕು. ಹವಾಮಾನ, ರೈಲು ತಡ, ನಾಯಿಯ ವಯಸ್ಸು. ಹೋಗುವ ಮುಂಚೆ ಹೊರಗಿಂದಲೇ ಎಲ್ಲ ನೋಡಿಕೊಂಡಿದ್ದೆ. ಎಲ್ಲಿ ಕೂರಬೇಕು, ಯಾರ ಪಕ್ಕ, ಬಾಗಿಲು ಎಷ್ಟು ದೂರ. ಗಾಜಿನಿಂದ ನನಗಾದ ಉಪಕಾರ ಇದು, ಸಣ್ಣದೇನಲ್ಲ.

ನಂಬರ್ ಹತ್ತು

ಹೋದ ಬೇಸಿಗೆಯಲ್ಲಿ ಅಮ್ಮ ಬಂದಿದ್ದಳು. ಅವಳಿಗೆ ಈ ಪಬ್ಬಿನ ವಿಷಯ ಹೇಳಿರಲಿಲ್ಲ, ಹೇಳುವ ಯೋಚನೆಯೂ ಇರಲಿಲ್ಲ. ಒಂದು ಶನಿವಾರ ಹೈಸ್ಟ್ರೀಟಿನಲ್ಲಿ ತಿರುಗುತ್ತಿದ್ದಾಗ ಅಮ್ಮ ನಿಂತುಬಿಟ್ಟಳು. "ಪುಟ್ಟಿ, ಅರ್ಜೆಂಟು ಕಣೇ." ಕೌನ್ಸಿಲ್ಲಿನ ಸಾರ್ವಜನಿಕ ಶೌಚಾಲಯಕ್ಕೆ ಬೀಗ ಬಿದ್ದು ಎಷ್ಟೋ ಕಾಲವಾಗಿದೆ. ಬ್ಯಾಂಕು ಮುಚ್ಚಿದೆ, ಲೈಬ್ರರಿಗೆ ಶನಿವಾರ ಮಧ್ಯಾಹ್ನದ ಮೇಲೆ ರಜ. ಮನೆಗೆ ಇಪ್ಪತ್ತು ನಿಮಿಷದ ಏರುದಾರಿ. ಎದುರಿಗೆ ಗಾಜು, ಗಾಜಿನೊಳಗಿಂದ ಪದಬಂಧದಾಕೆ ನನ್ನನ್ನು ನೋಡಿ ಕೈ ಬೀಸುತ್ತಿದ್ದಾಳೆ. ಅಮ್ಮನೂ ನೋಡಿದಳು. "ಯಾರೇ ಅದು, ನಿನ್ನನ್ನ ಕರೀತಿರೋದು?" ಇನ್ನು ಮುಚ್ಚಿಡುವುದಕ್ಕೆ ಏನೂ ಉಳಿದಿರಲಿಲ್ಲ. "ಬಾಮ್ಮ" ಅಂದೆ.

ಅಮ್ಮ ಒಳಗಿಂದ ಮುಖ ಒರೆಸಿಕೊಂಡು ಬರುವಷ್ಟರಲ್ಲಿ ಬೆಂಚಿನಲ್ಲಿ ಅವಳಿಗೆ ಜಾಗವಾಗಿತ್ತು, ಮಾಲೀಕ ಒಂದು ಗ್ಲಾಸು ನೀರು ಇಟ್ಟಿದ್ದ. (ಕೇಳಿದವರಿಗೆ ನಲ್ಲಿ ನೀರು ಪುಕ್ಕಟೆ ಕೊಡಬೇಕು ಅನ್ನುವುದು 2010ರಿಂದ ಇಲ್ಲಿನ ಪರವಾನಗಿಯ ಶರತ್ತು. ಆತ ಕೇಳುವ ಮುಂಚೆಯೇ ಕೊಟ್ಟ, ಅದು ಆತನ ಗುಣ.) ಅಮ್ಮ ಸೀರೆಯ ಸೆರಗು ಎಳೆದುಕೊಂಡು ತುದಿಯಲ್ಲಿ ಕೂತಳು. ಸುತ್ತ ನೋಡಿದಳು. ಗ್ಲಾಸುಗಳನ್ನು, ಪೀಪಾಯಿಗಳನ್ನು, ನಾಯಿಯನ್ನು. "ಈಚಲ ಮರದ ಕೆಳಗೆ ಕೂರಿಸ್ಬಿಟ್ಟೆಯಲ್ಲೇ" ಅಂದಳು. ಸಿಟ್ಟಿರಲಿಲ್ಲ, ನಗುವೇ ಇತ್ತು. ನೀರನ್ನು ಮೇಲೆತ್ತಿಕೊಂಡು ಕುಡಿದಳು, ಗ್ಲಾಸಿಗೆ ತುಟಿ ತಾಗಿಸದೆ. ಪಕ್ಕದವನೊಬ್ಬ ಬೆರಗಾಗಿ ನೋಡಿದ, ಒಂದು ಹನಿಯೂ ಚೆಲ್ಲದ್ದಕ್ಕೆ.

ಆಮೇಲೆ ಅವಳ ಕಣ್ಣು ಗೋಡೆಗೆ ಹೋಯಿತು. ಕೌಂಟರಿನ ಹಿಂದೆ ನೆಲದಿಂದ ಸೂರಿನವರೆಗೆ ಮರದ ಗೂಡುಗಳು, ಒಂದೊಂದೂ ಒಂದು ಗೇಣು ಅಗಲ. ಪ್ರತಿಯೊಂದರ ಕೆಳಗೆ ಹಿತ್ತಾಳೆಯ ಸಣ್ಣ ನಂಬರು. ಈಗ ಅವುಗಳಲ್ಲಿ ಡಾಮಿನೋ ಪೆಟ್ಟಿಗೆ, ಇಸ್ಪೀಟು, ಯಾರೋ ಓದಿ ಬಿಟ್ಟ ಪುಸ್ತಕ. ಅದೇನು ಅಂತ ನಾನು ಒಂದು ದಿನವೂ ಯೋಚಿಸಿರಲಿಲ್ಲ. "ಇದು ಉಲ್ಲನ್ ಅಂಗಡಿಯಾಗಿತ್ತಾ?" ಅಂದಳು ಅಮ್ಮ. ನಾನು ಕೇಳಿ ಹೇಳಿದೆ. ಪದಬಂಧದಾಕೆ ಪೆನ್ನು ಕೆಳಗಿಟ್ಟಳು. ಹೌದು, ಉಲ್ಲನ್ ಅಂಗಡಿಯೇ, ಅವಳ ತಾಯಿಯ ಕಾಲದಿಂದ. ಒಂದು ಸ್ವೆಟರಿಗೆ ಬೇಕಾದಷ್ಟು ಉಂಡೆಗಳನ್ನು ಒಂದೇ ಸಲ ಕೊಳ್ಳುವ ಶಕ್ತಿ ಇಲ್ಲದವರ ಹೆಸರಿನಲ್ಲಿ ಅಂಗಡಿಯಾಕೆ ಅಷ್ಟನ್ನೂ ಒಂದು ಗೂಡಿನಲ್ಲಿ ಎತ್ತಿಡುತ್ತಿದ್ದಳಂತೆ. ವಾರಕ್ಕೆ ಒಂದೆರಡು ಉಂಡೆಗೆ ದುಡ್ಡು ಕೊಟ್ಟು ಒಯ್ಯುತ್ತಿದ್ದರಂತೆ. ನಾನಿದನ್ನು ಕನ್ನಡಕ್ಕೆ ತಿರುಗಿಸಿ ಮುಗಿಸುವ ಮುಂಚೆಯೇ ಅಮ್ಮ ತಲೆಯಾಡಿಸುತ್ತಿದ್ದಳು. "ಇಲ್ಲದಿದ್ರೆ ಲಾಟು ಬದಲಾಗುತ್ತಲ್ಲ. ಬೆನ್ನು ಒಂದು ಬಣ್ಣ, ತೋಳು ಒಂದು ಬಣ್ಣ ಆಗ್ಬಿಡುತ್ತೆ. ನಿನ್ನ ನೀಲಿ ಸ್ವೆಟರು ಹಾಗೇ ಆಗಿದ್ದು." ನನ್ನ ಹಳೆಯ ಫೋಟೋದಲ್ಲಿರುವ ಸ್ವೆಟರಿನ ಒಂದು ತೋಳು ಮಾಸಲು ಕಾಣುವುದು ಫೋಟೋದ ದೋಷ ಅಂತ ನಾನು ಅಂದುಕೊಂಡಿದ್ದೆ.

ಇಂಗ್ಲಿಷ್ ಬಾರದ ಅಮ್ಮ, ಕನ್ನಡ ಅಂದರೆ ಏನೆಂದು ಗೊತ್ತಿಲ್ಲದ ಆಕೆ. ಆದರೆ ಅಮ್ಮ ಎರಡು ತೋರುಬೆರಳು ಮುಂದೆ ಚಾಚಿ "ನಂಬರ್ ಟೆನ್" ಅಂದದ್ದಕ್ಕೆ ಆಕೆ ಕೂತಲ್ಲೇ ಕುಣಿದಳು. ಇಲ್ಲಿ ಈಗ ಹೆಣೆಯುವ ಕಡ್ಡಿಗಳನ್ನು ಮಿಲಿಮೀಟರಿನಲ್ಲಿ ಅಳೆಯುತ್ತಾರೆ, ಅಂಗಡಿಯಲ್ಲಿ ಹತ್ತು ನಂಬರು ಕೇಳಿದರೆ ಹುಡುಗರಿಗೆ ಅರ್ಥವಾಗುವುದಿಲ್ಲ, ಮೂರೂಕಾಲು ಅನ್ನಬೇಕು. ಬ್ರಿಟನ್ನಿನ ಹಳೆಯ ನಂಬರುಗಳು ಇಂದಿಗೂ ಓಡುತ್ತಿರುವುದು ನಮ್ಮಲ್ಲಿ. ಕಟ್ಟು ಹತ್ತು, ಮೈ ಎಂಟು. ಇಬ್ಬರೂ ಒಟ್ಟಿಗೇ ಹೇಳಿದರು ಅದನ್ನು, ಒಬ್ಬರು ಇಂಗ್ಲಿಷಿನಲ್ಲಿ, ಒಬ್ಬರು ಕನ್ನಡದಲ್ಲಿ, ಸೊಂಟದ ಪಟ್ಟಿಯ ಜಾಗ ತೋರಿಸುತ್ತ. ಅರ್ಧ ಗಂಟೆ ನಾನು ಬೇಕಾಗಲೇ ಇಲ್ಲ. ಗಾಜಿನಾಚೆ ಬಸ್ಸು ಬಂತು, ಹೋಯಿತು. ನಡುವೆ ಅಮ್ಮ ನನ್ನ ಕಡೆ ತಿರುಗಿ, "ನೀನು ಬೇಕಾದ್ರೆ ಕುಡಿಯೇ, ನನ್ನ ಮುಂದೆ ಏನು ನಾಟ್ಕ" ಅಂದಳು. ಆ ದಿನ ಕುಡಿಯಲು ನನ್ನಿಂದ ಆಗಲಿಲ್ಲ. ಅಮ್ಮನಿಗೆ ಹೊಳೆದದ್ದು ನನಗೆ ಇನ್ನೂ ಮೈಗೆ ಹತ್ತಿಲ್ಲ.

ಬರದವರು

ಹಾಗಂತ ಈ ಗಾಜು ಎಲ್ಲರಿಗೂ ಒಳ್ಳೆಯದು ಅನ್ನಲಾರೆ. ನನ್ನ ಆಫೀಸಿನ ಗುಜರಾತಿ ಗೆಳೆಯನೊಬ್ಬ ಲಂಡನ್ನಿನಲ್ಲಿ ಎಷ್ಟು ಬೇಕಾದರೂ ಕುಡಿಯುತ್ತಾನೆ, ಇಲ್ಲಿ ಒಳಗೆ ಕಾಲಿಡುವುದಿಲ್ಲ. ಅವನ ಮಾವ ಇದೇ ಬೀದಿಯಲ್ಲಿ ನ್ಯೂಸ್‌ಪೇಪರ್ ಅಂಗಡಿ ಇಟ್ಟಿದ್ದಾರೆ. ಹೆಂಡತಿ ತೀರಿಕೊಂಡ ಮೇಲೆ ಯಾರ ಹತ್ತಿರವೂ ಮಾತು ಬೇಡ ಅನ್ನುವ ಮುದುಕರೊಬ್ಬರು ಮೊದಲು ಬರುತ್ತಿದ್ದರಂತೆ, ಈಗ ಬಸ್ಸು ಹತ್ತಿ ಪಕ್ಕದೂರಿನ ದೊಡ್ಡ ಪಬ್ಬಿಗೆ ಹೋಗುತ್ತಾರೆ. ಅಲ್ಲಿ ಮೂಲೆಗಳಿವೆ. ಫುಟ್‌ಬಾಲ್ ನೋಡುವ ಹುಡುಗರಿಗೆ ಇಲ್ಲಿ ಏನೂ ಇಲ್ಲ. ಈ ದೇಶದಲ್ಲಿ 2000ದ ಹೊತ್ತಿಗೆ ಸುಮಾರು 60,000 ಪಬ್ಬುಗಳಿದ್ದವು, ಈಗ 45,000ದ ಆಸುಪಾಸು. ಮುಚ್ಚಿದವುಗಳಲ್ಲಿ ಬಹಳಷ್ಟು ಇಂಥ ಮೂಲೆಗಳಿದ್ದ, ಬಡವರ ಕೇರಿಯ ದೊಡ್ಡ ಪಬ್ಬುಗಳು. ಅವು ಹೋದದ್ದಕ್ಕೆ ಈ ಪುಟ್ಟ ಗಾಜಿನ ಕೋಣೆ ಪರಿಹಾರ ಅಂತ ಯಾರಾದರೂ ಅಂದರೆ ನಾನು ಒಪ್ಪುವುದಿಲ್ಲ. ಇಲ್ಲಿ ಬರುವವರು ಹೆಚ್ಚಾಗಿ ಮಾತು ಬಲ್ಲವರು, ನಿವೃತ್ತರು, ಏಲ್ ಬಗ್ಗೆ ಹತ್ತು ನಿಮಿಷ ಭಾಷಣ ಮಾಡುವ ಗಡ್ಡದವರು. ಕೊನೆಯವರಿಂದ ತಪ್ಪಿಸಿಕೊಳ್ಳಲೂ ಬೆಂಚಿನಲ್ಲಿ ಜಾಗವಿಲ್ಲ.

ಯುಗಾದಿ ಊಟದಲ್ಲಿ ನಮ್ಮ ಕನ್ನಡದವರೊಬ್ಬರು, ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತ, ನನ್ನ ಗಂಡನ ಮುಂದೆಯೇ, "ಮೊನ್ನೆ ನಿಮ್ಮನ್ನ ನೋಡಿದೆ ಕಣ್ರೀ, ಆ ಗಾಜಿನೊಳಗೆ" ಅಂದರು. ದನಿಯಲ್ಲಿ ಸ್ವಲ್ಪ ನಗು, ಸ್ವಲ್ಪ ಇನ್ನೇನೋ. "ನೋಡಿದ ಮೇಲೆ ಒಳಗೆ ಬರೋದಲ್ವಾ" ಅಂದೆ. ಅವರು ಪಲ್ಯದ ಕಡೆಗೆ ತಿರುಗಿದರು. ಬಿ.ಎಚ್. ರೋಡಿನ ಮಳೆಯನ್ನು ನೋಡಿದ ಹಾಗೆ.

ಈಗ ಬೀದಿಯ ಆ ತುದಿಯಲ್ಲಿ, ಮುಚ್ಚಿದ ಬ್ಯಾಂಕಿನ ಬಾಗಿಲಿಗೆ ತಿಳಿನೀಲಿ ಕಾಗದವೊಂದು ಅಂಟಿಕೊಂಡಿದೆ. ಹೊಸ ಪರವಾನಗಿಗೆ ಅರ್ಜಿ ಹಾಕಿದವರು ಅದನ್ನು 28 ದಿನ ಎಲ್ಲರಿಗೂ ಕಾಣುವ ಹಾಗೆ ಅಂಟಿಸಬೇಕು. ಅಲ್ಲೂ ಪಬ್ಬು ಬರಲಿದೆಯಂತೆ, ಇದಕ್ಕಿಂತ ದೊಡ್ಡದು. ನಮ್ಮ ಮಾಲೀಕ ಬರಲಿ ಬಿಡಿ ಅನ್ನುತ್ತಾನೆ. ಗಡ್ಡದವರಿಗೆ ಬಿಯರಿನ ಪಟ್ಟಿಯ ಚಿಂತೆ. ಪದಬಂಧದಾಕೆ ಮಾತ್ರ ಹೋಗಿ ಕಿಟಕಿ ನೋಡಿಕೊಂಡು ಬಂದಳು. ಉಲ್ಲನ್ ಮಾರುವವರಿಗೆ ಸರಕು ಬೀದಿಗೆ ಕಾಣಬೇಕಿತ್ತು, ದುಡ್ಡು ಎಣಿಸುವವರಿಗೆ ಕಾಣಬಾರದಿತ್ತು. ಬ್ಯಾಂಕಿನ ಕಿಟಕಿಗಳು ಶುರುವಾಗುವುದೇ ಆಳೆತ್ತರದ ಮೇಲಿಂದ. ಕಟ್ಟಡ ಸಂರಕ್ಷಿತ ಪಟ್ಟಿಯಲ್ಲಿರುವುದರಿಂದ ಕಲ್ಲು ಕಡಿದು ಕೆಳಗಿಳಿಸುವಂತೆಯೂ ಇಲ್ಲ. "ಒಳಗೆ ಯಾರಿದ್ದಾರೆ ಅಂತ ನೋಡದೆ ನಾನು ಬಾಗಿಲು ತಳ್ಳುವವಳಲ್ಲ" ಅಂದಳು ಆಕೆ. ಕೌನ್ಸಿಲ್ಲಿಗೆ ತಕರಾರು ಬರೆಯೋಣ ಅಂತ ಕೂತೆವು. ನಾಲ್ಕು ಕಾರಣಗಳಲ್ಲಿ ಯಾವುದರ ಕೆಳಗೂ ಇದನ್ನು ಸೇರಿಸಲಾಗಲಿಲ್ಲ. ತೆರೆದ ಮೇಲೆ ಹೋಗಿ ನೋಡುವುದಂತೂ ಸೈ. ಮೊದಲ ಸಲ ಒಬ್ಬಳೇ ಹೋಗುವುದಿಲ್ಲ, ಗಂಡನನ್ನೂ ಕರೆದುಕೊಂಡು ಹೋಗುತ್ತೇನೆ.